ಊರ ಪಾಲಿನ ಒಂದು ಹಾಸಿಗೆ

ಮಗ ಉಸಿರಾಡುತ್ತಿದ್ದಾನೆಂದು ಖಾತ್ರಿಯಾಗದ ಹೊರತು ಹುಲಗಮ್ಮ ಒಲೆ ಹಚ್ಚುತ್ತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಎದ್ದು, ಮುಖಕ್ಕೂ ನೀರು ಹಾಕಿಕೊಳ್ಳದೆ, ಪಡಸಾಲೆಯಲ್ಲಿ ಮಲಗಿದ ಹನಮೇಶನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಮೂಗಿನ ಮುಂದೆ ಅಂಗೈ ಹಿಡಿಯುವಳು. ಬೆಚ್ಚಗೆ ತಾಗಿದರೆ ಹೋದ ಜೀವ ಬಂದಂತಾಗುತ್ತಿತ್ತು. ತಾಗುವುದು ತುಸು ತಡವಾದರೆ ಅವಳ ಉಸಿರೇ ನಿಲ್ಲುತ್ತಿತ್ತು. ಮೀಸೆ ಬಂದ ಮಗನ ಉಸಿರನ್ನು ಹಸಿಗೂಸಿನ ಉಸಿರಿನಂತೆ ನೋಡಬೇಕಾಯಿತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಆದರೆ ನಾಚಿಕೆಗಿಂತ ಹೆದರಿಕೆ ದೊಡ್ಡದು, ಅವಳು ಕೈ ಹಿಡಿಯುವುದನ್ನು ಬಿಡಲಿಲ್ಲ.

ಊರು ಕರಿಬಂಡಿ, ಹನುಮನಹಳ್ಳಿಗೆ ಹೋಗುವ ರಸ್ತೆಯ ಮಗ್ಗುಲಿಗಿದೆ. ಹನುಮಪ್ಪನ ಗುಡಿಯಿರುವ ಅಂಜನಾದ್ರಿಗೆ ಬರುವ ಜನರಿಗೆ ಹುಲಗಮ್ಮ ಗುಡ್ಡದ ಬುಡದಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಮಾರುತ್ತಿದ್ದಳು. ಗಂಡ ಕನಕಪ್ಪ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದ; ಭತ್ತಕ್ಕಿಂತ ಮೆಂಬರಿಕೆಯನ್ನೇ ಹೆಚ್ಚಾಗಿ ಬೆಳೆಸಿದ್ದ. ಪಂಚಾಯ್ತಿಗೆ ಆರಿಸಿ ಬಂದವಳೇನೋ ಅವನ ತಾಯಿ ಮಾರೆವ್ವ, ಹೆಣ್ಣುಮಕ್ಕಳ ಮೀಸಲು ಸೀಟಿನಲ್ಲಿ. ಆದರೆ ಸಭೆಯಲ್ಲಿ ಮಾತಾಡುವವನು ಕನಕಪ್ಪ, ಊರವರು ‘ಮೆಂಬರ್’ ಎಂದು ಕರೆಯುತ್ತಿದ್ದುದೂ ಅವನನ್ನೇ. ಮುದುಕಿ ಪಕ್ಕದ ಕುರ್ಚಿಯಲ್ಲಿ ಎಲೆಯಡಿಕೆ ಅಗಿಯುತ್ತ ಕೂತಿದ್ದು, ಮಗ ಮೊಣಕೈಯಿಂದ ತಿವಿದಾಗ ಕೈ ಎತ್ತುತ್ತಿದ್ದಳು.

ಹನಮೇಶ ಪ್ರವಾಸಿಗರಿಗೆ ಸ್ಕೂಟರ್ ಬಾಡಿಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೊದಲು ಗಾಂಜಾ ಸೇದಿದ, ಆಮೇಲೆ ನಿದ್ದೆ ಗುಳಗಿಗೆ ಬಿದ್ದ. ಒಂದಿನ ಪೊಲೀಸರು ಅವನ ಜೇಬಿನಲ್ಲಿ ಗಾಂಜಾದ ಸಣ್ಣದೊಂದು ಪೊಟ್ಟಣ ಹಿಡಿದರು. ಊರಿಗೆ ಮಾತ್ರ ‘ಸ್ಕೂಟರಿನ ಕಾಗದಪತ್ರದ ತಕರಾರು’ ಎಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಗಂಗಾವತಿ ಕೋರ್ಟಿನಲ್ಲಿ ಹುಡುಗ ತಪ್ಪೊಪ್ಪಿಕೊಂಡ. ಜಡ್ಜ್ ಮೇಡಂ ಅವನ ನಡುಗುವ ಕೈಗಳನ್ನು ನೋಡಿ, “ಜೈಲಿಗೆ ಹಾಕಿದರೆ ಇವನು ಇನ್ನೂ ಕೆಡುತ್ತಾನೆ. ಸರ್ಕಾರ ಒಪ್ಪಿದ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿ. ಮುಂದಿನ ತಾರೀಖಿಗೆ ಅಲ್ಲಿ ಹಾಸಿಗೆ ಸಿಕ್ಕಿದೆ ಅಂತ ಕಾಗದ ತನ್ನಿ. ತರದಿದ್ದರೆ ಜೈಲೇ ಗತಿ” ಎಂದಿದ್ದರು.

ಆ ಭಾಗದಲ್ಲಿ ಅಂಥ ಕೇಂದ್ರ ಇದ್ದದ್ದು ಒಂದೇ, ಸುತ್ತಿನ ಪಂಚಾಯ್ತಿಗಳು ಪಾಲು ಹಾಕಿ ನಡೆಸುವಂಥದ್ದು. ಗಂಗಾವತಿಯಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಅಮೃತಾ ಅಲ್ಲಿಗೆ ಫೋನ್ ಮಾಡಿ ವಿಚಾರಿಸಿಕೊಂಡು ಬಂದಳು. ಎಲ್ಲರೂ ಉಣ್ಣಲು ಕೂತಿದ್ದರು. ಹನಮೇಶ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

“ಹಾಸಿಗಿ ಕೊಡಂಗಿಲ್ಲಂತ,” ಎಂದಳು ಅಮೃತಾ.

“ಖಾಲಿ ಇಲ್ಲೇನು?” ಹುಲಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಖಾಲಿ ಅದಾವ. ನಮ್ಮ ಊರಿಗಿಲ್ಲ. ಪಾಲು ಕೊಟ್ಟ ಪಂಚಾಯ್ತಿಯವರಿಗೆ ಅಷ್ಟ. ಹೋದ ವರ್ಷ ನಮ್ಮನ್ನೂ ಕೇಳಿದ್ರಂತ, ಸಭಾದಾಗ ಬ್ಯಾಡ ಅಂದಾರಂತ.”

“ಯಾವ ಪುಣ್ಯಾತ್ಮ ಬ್ಯಾಡ ಅಂದಾಂವ?”

ಕನಕಪ್ಪ ಪುಂಡಿಪಲ್ಯವನ್ನು ತುತ್ತಿಗೆ ಹಚ್ಚಿಕೊಳ್ಳುತ್ತಲೇ ಇದ್ದ, ಬಾಯಿಗೆ ಇಡಲಿಲ್ಲ. ಕಡೆಗೆ ಮಾರೆವ್ವ ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

“ನಾನ ಅಂದೀನಿ. ಇಂವ ತಿವಿದಾ, ನಾ ಕೈ ಎತ್ತಿದೆ.”

“ಆಗ ನನಗೇನು ಕನಸು ಬಿದ್ದಿತ್ತೇನು?” ಕನಕಪ್ಪ ರೇಗಿದ. “ಕುಡುಕರ ಸಲುವಾಗಿ ಊರ ರೊಕ್ಕ ಯಾಕ ಸುರೀಬೇಕು, ಗುಡ್ಡದ ದಾರಿಗೆ ಕಮಾನು ಕಟ್ಟಸೂಣು ಅಂದೆ. ಎಲ್ಲಾರೂ ಹೂಂ ಅಂದ್ರು.”

“ಹಂಗಾರ ಅಣ್ಣನ್ನ ಕಮಾನಿನ ಕೆಳಗ ಮಲಗಸು.”

“ಏ ಹುಡುಗಿ, ಹಲ್ಲು ಮುರೀತೀನಿ!”

ಕಮಾನು ಎಂದರೂ ಅಲ್ಲಿ ನಿಂತದ್ದು ಎರಡು ಕಂಬ ಮಾತ್ರ. ಮೇಲಿನ ಬಿಲ್ಲು ಇನ್ನೂ ಕಟ್ಟಿರಲಿಲ್ಲ, ಸರಳುಗಳು ಆಕಾಶಕ್ಕೆ ಚಾಚಿಕೊಂಡಿದ್ದವು. ಹುಲಗಮ್ಮ ದಿನಾ ಅದರ ನಡುವೆಯೇ ಎಣ್ಣೆ ಡಬ್ಬಿ ಹೊತ್ತು ಹೋಗುತ್ತಿದ್ದಳು. ತನ್ನ ಮಗನ ಹಾಸಿಗೆ ಆ ಕಂಬಗಳಿಗೆ ಸೇರಿಹೋಗಿದೆಯೆಂದು ಅವಳಿಗೆ ಆವತ್ತು ತಿಳಿಯಿತು.

“ಈಗರ ಹೋಗಿ ಅಧ್ಯಕ್ಷರನ್ನ ಕೇಳ್ರಿ,” ಎಂದಳು ಗಂಡನಿಗೆ. “ಕಾಲು ಹಿಡೀರಿ ಬೇಕಾದ್ರ.”

“ಏನಂತ ಕೇಳ್ಲಿ? ನನ್ನ ಮಗ ಗುಳಗಿ ನುಂಗ್ತಾನ, ಪಾಲು ಹಾಕ್ರಿ ಅನ್ಲೇನು? ನಾಳಿ ಈ ಹುಡುಗೀನ್ನ ಯಾರು ಮಾಡ್ಕೋತಾರ? ಮೆಂಬರ್ ಕನಕಪ್ಪನ ಮನ್ಯಾಗ ಗಾಂಜಾ ಅಂತ ಗುಡ್ಡದ ಮಂಗ್ಯಾಗಳೂ ನಗತಾವ.”

ಊರ ಮಂಗಗಳು ನಗದಿರಲೆಂದು ಮನೆಯ ಮಗನನ್ನು ಪಣಕ್ಕಿಟ್ಟ ಅಪ್ಪಂದಿರು ಲೋಕದಲ್ಲಿ ಇವನೊಬ್ಬನೇ ಅಲ್ಲ. ಬೇರೆ ಕಡೆ ಕೇಳಿ ನೋಡಿದ್ದೂ ಆಯಿತು. ದೂರದ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು, ಖಾಸಗಿಯವರ ಬಾಗಿಲು ಇವರ ಕೈಗೆ ಎಟುಕುವಂಥದ್ದಲ್ಲ. ತಾರೀಖು ಹತ್ತಿರ ಬರುತ್ತಿತ್ತು.

ವ್ರತ ಹಿಡಿದು ಹನುಮ ಮಾಲೆ ಹಾಕಿಕೊಳ್ಳುವ ಕಾಲ ಬಂದಾಗ ಕನಕಪ್ಪನಿಗೆ ದಾರಿ ಹೊಳೆಯಿತು. “ಮಾಲಿ ಹಾಕಿಸೂಣು. ಮಾಲಿ ಹಾಕ್ಕೊಂಡಾಂವ ಬೀಡೀನೂ ಮುಟ್ಟಂಗಿಲ್ಲ. ಗುಡ್ಡ ಹತ್ತಿ ಮಾಲಿ ಇಳಿಸೋದ್ರಾಗ ಚಟ ತಾನ ಬಿಟ್ಟಿರ್ತೈತಿ. ಜಡ್ಜ್ ಮುಂದ ಶುದ್ಧ ಮಾಡಿ ನಿಂದ್ರಿಸೂಣು.”

ಕುಡುಕ ಗಂಡಂದಿರಿಗೆ, ದಾರಿ ಬಿಟ್ಟ ಮಕ್ಕಳಿಗೆ ಮಾಲೆ ಹಾಕಿಸುವುದು ಆ ಕಡೆ ಹೊಸದಲ್ಲ. ಚಟ ಬಿಟ್ಟವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮಾಲೆ ಇಳಿಸಿದ ಸಂಜೆಯೇ ಕುಡಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಹುಲಗಮ್ಮನಿಗೆ ಗಂಡನ ಮಾತು ಬಿಸಿಲಲ್ಲಿ ನಡೆದವರಿಗೆ ನೆರಳು ಸಿಕ್ಕಂತಾಯಿತು. ಅಕ್ಕಿ ಚೀಲದ ಹಿಂದೆ, ಹಳೇ ಚಪ್ಪಲಿಯೊಳಗೆ, ಮಗ ಎಲ್ಲೆಲ್ಲಿ ಅಡಗಿಸಿದ್ದನೋ ಅಲ್ಲೆಲ್ಲ ಹುಡುಕಿ ಗುಳಗಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಅಮೃತಾ ಅಡ್ಡ ನಿಂತಳು. “ಯವ್ವಾ, ಒಮ್ಮಿಂದೊಮ್ಮೆಲೆ ಬಿಡಿಸಬಾರದಂತ. ಆ ಕೇಂದ್ರದ ಸಿಸ್ಟರ್ ಹೇಳ್ಯಾರ. ಜೀವಕ್ಕ ಅಪಾಯ ಐತಂತ.”

“ವಿಷ ತಿನ್ನಬ್ಯಾಡ ಅಂದ್ರ ಜೀವಕ್ಕ ಅಪಾಯ! ಇದನ್ನ ಕಲೀತೀಯೇನು ಅಲ್ಲಿ? ದೇವರಿಗಿಂತ ನಿಮ್ಮ ಸಿಸ್ಟರ್ ದೊಡ್ಡಾಕಿ ಅಲ್ಲ, ಅತ್ತಾಗ ಸರಿ.”

ಅವಳು ಹೋಗಿ ಕಾಲುವೆಯ ನೀರಿಗೆ ಗಂಟು ಬಿಚ್ಚಿದಳು. ಮೀನು ತಿಂದು ಮಲಗಲಿ ಎಂದುಕೊಂಡಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗೆ ಬಂದಿತ್ತು.

ಹನಮೇಶ ಕೇಸರಿ ಪಂಚೆ ಉಟ್ಟ, ಕೊರಳಿಗೆ ಮಾಲೆ ಹಾಕಿಕೊಂಡ. ಮಾಲೆ ಹಾಕಿದವನನ್ನು ಹೆತ್ತ ತಾಯಿಯೂ ಸ್ವಾಮಿ ಎಂದೇ ಕರೆಯಬೇಕು. “ಸ್ವಾಮಿ, ಜಳಕಕ್ಕ ಏಳ್ರಿ,” “ಸ್ವಾಮಿ, ಒಂದೀಟು ಅನ್ನ ಉಣ್ರಿ,” ಎಂದು ಹುಲಗಮ್ಮ ಹೇಳುವಾಗ ಮಾರೆವ್ವ ಬಾಯಿಗೆ ಸೆರಗಿಟ್ಟು ನಕ್ಕಳು. ಮನೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ನಿಂತವು. ಒಂದೆರಡು ದಿನ ಹುಡುಗ ಹೇಳಿದಂತೆ ಕೇಳಿದ. ಆಮೇಲೆ ಕೈ ನಡುಗತೊಡಗಿತು. ಹಾಲಿನ ಲೋಟ ತುಟಿಗೆ ಹೋಗುವುದರೊಳಗೆ ಅರ್ಧ ಎದೆಯ ಮೇಲೆ ಚೆಲ್ಲುತ್ತಿತ್ತು. ಚಳಿಗಾಲದಲ್ಲೂ ಬೆವರಿನಿಂದ ಪಂಚೆ ತೊಯ್ದಿತು. ಕಣ್ಣಿಗೆ ನಿದ್ದೆಯೆಂಬುದೇ ಬರಲಿಲ್ಲ.

“ಯವ್ವಾ, ಗೋಡಿ ತುಂಬ ಇರಿವಿ ಹರದಾಡಾಕತ್ಯಾವ ನೋಡು.”

ಗೋಡೆಯ ಮೇಲೆ ಏನೂ ಇರಲಿಲ್ಲ. ಆದರೂ ಹುಲಗಮ್ಮ ಸೆರಗಿನಿಂದ ಗೋಡೆ ಒರೆಸಿದಳು.

“ಒಂದ ಕೊಡಬೇ. ಅರ್ಧ ಕೊಡು. ನಿನ್ನ ಕಾಲಿಗೆ ಬೀಳ್ತೀನಿ.”

“ಸ್ವಾಮಿ ಹಂಗನ್ನಬಾರದು,” ಎಂದು ಹೇಳಿ ಅವಳು ಅಡುಗೆಮನೆಗೆ ಹೋಗಿ ಕಿವಿ ಮುಚ್ಚಿಕೊಂಡು ಕೂತಳು. ಮಾರೆವ್ವ ಮೊಮ್ಮಗನ ಅಂಗಾಲಿಗೆ ಎಣ್ಣೆ ತಿಕ್ಕಿದಳು. ಅಮೃತಾ ದವಾಖಾನೆಗೆ ಹೋಗೋಣವೆಂದು ಅತ್ತಳು.

“ಮಾಲಿ ಹಾಕ್ಕೊಂಡಾಂವನ್ನ ದವಾಖಾನಿಗೆ ಒಯ್ದ್ರ ಊರಿಗೆ ಏನು ಹೇಳ್ಲಿ?” ಎಂದ ಕನಕಪ್ಪ. “ಮೈಯಾಗಿನ ವಿಷ ಹೊರಗ ಬರಾಕತ್ತೈತಿ. ತಡೀರಿ.”

ಹುಲಗಮ್ಮ ತಡೆದಳು.

ಶನಿವಾರ ಬೆಳಿಗ್ಗೆ ಅವರ ಮನೆಯಲ್ಲಿ ಭಜನೆ. ಊರಿನ ಮಾಲಾಧಾರಿಗಳೆಲ್ಲ ಬಂದಿದ್ದರು, ಓಣಿಯ ಹೆಂಗಸರು ಪಡಸಾಲೆ ತುಂಬಿದ್ದರು. ತಾಳ ಜೋರಾಯಿತು. ಮುಂದೆ ಕೂತಿದ್ದ ಹನಮೇಶ ಒಮ್ಮೆ ವಿಚಿತ್ರವಾಗಿ ಚೀರಿ ಹಿಂದಕ್ಕೆ ಬಿದ್ದ. ಕೈಕಾಲು ಸೆಟೆದವು, ಇಡೀ ಮೈ ನೆಲಕ್ಕೆ ಬಡಿದುಕೊಳ್ಳತೊಡಗಿತು, ಕಣ್ಣಲ್ಲಿ ಬಿಳಿ ಮಾತ್ರ ಉಳಿಯಿತು.

“ಬಂದಾ! ಹನುಮಪ್ಪ ಮೈಮ್ಯಾಲ ಬಂದಾ!” ಯಾರೋ ಕೂಗಿದರು.

ಕೂಡಲೇ ಕಾಯಿ ಒಡೆದರು, ಕರ್ಪೂರ ಹಚ್ಚಿದರು. ಕನಕಪ್ಪ ತನ್ನ ಮಗನ ಕಾಲ ಬಳಿಯೇ ಉದ್ದಂಡ ಬಿದ್ದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪೊಲೀಸು, ಕೋರ್ಟು, ಮಾನ ಹೋಗುವ ಭಯ ಎಲ್ಲವೂ ಈ ಒಂದು ಗಳಿಗೆಯಲ್ಲಿ ತೊಳೆದುಹೋಯಿತೆಂಬ ಸಮಾಧಾನ ಅದು. ಎದುರುಮನೆಯ ಅನ್ನಮ್ಮ ಸೆರಗೊಡ್ಡಿ ಮುಂದೆ ಬಂದಳು. “ಯಪ್ಪಾ ಹನುಮಂತ್ರಾಯಾ, ನನ್ನ ಮಗ ಹುಲಿಗೇಶಗ ನೌಕರಿ ಯಾವಾಗ ಆಗ್ತೈತಿ? ಒಂದು ಮಾತು ಹೇಳು.”

ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಹುಲಗಮ್ಮನೂ ನಂಬಿದಳು. ನಂಬಬೇಕೆಂದು ಅವಳಿಗೆ ಅಷ್ಟೊಂದು ಆಸೆಯಿತ್ತು. ಆಗ ಮಗನ ಕಟವಾಯಿಯಲ್ಲಿ ರಕ್ತ ಕಂಡಿತು. ನಾಲಗೆ ಕಚ್ಚಿಕೊಂಡಿದ್ದ.

“ಸರೀರಿ ದೂರ! ಮಗ್ಗಲಿಗೆ ಹೊಳ್ಳಸಬೇಕು!” ಎಂದು ಅಮೃತಾ ನುಗ್ಗಿದಳು.

“ಸ್ವಾಮಿನ್ನ ಮುಟ್ಟಬ್ಯಾಡವ್ವಾ!” ಹೆಂಗಸರು ಅವಳ ರಟ್ಟೆ ಹಿಡಿದೆಳೆದರು.

ಹುಲಗಮ್ಮ ಜನರ ಕಾಲ ನಡುವೆಯೇ ತೆವಳಿ ಹೋಗಿ ಮೂಗಿನ ಮುಂದೆ ಅಂಗೈ ಹಿಡಿದಳು. ಏನೂ ತಾಗಲಿಲ್ಲ. ಇನ್ನೂ ಹತ್ತಿರ ಹಿಡಿದಳು. ತಾಳ ಮೊಳಗುತ್ತಲೇ ಇತ್ತು, ಕರ್ಪೂರದ ಹೊಗೆ ಕಣ್ಣಿಗೆ ಬಂತು, ಅಂಗೈ ತಣ್ಣಗೇ ಇತ್ತು.

“ದೇವರಲ್ಲ!” ಅವಳು ಕಿರುಚಿದಳು. “ದೇವರಲ್ಲ ಇದು, ಗುಳಗಿ! ನನ್ನ ಮಗ ಗುಳಗಿ ತಿಂತಾನ. ನಾನ ಎಲ್ಲಾ ಕಾಲುವಿಗೆ ಒಗದೀನಿ. ಸಾಯಾಕತ್ಯಾನ, ಬಿಡ್ರಿ!”

ತಾಳ ನಿಂತಿತು. ಕನಕಪ್ಪ ಬಿದ್ದಲ್ಲಿಂದಲೇ, “ಏ, ಬಾಯಿ ಮುಚ್ಚು,” ಎಂದ. ಹುಲಗಮ್ಮ ಮಗನ ತಲೆ ಎತ್ತಿ ಕೊರಳಿನ ಮಾಲೆಯನ್ನು ತೆಗೆದಳು. ವ್ರತ ಮುಗಿಯದೆ ಗುಡ್ಡದ ಮೇಲಲ್ಲದೆ ಇಳಿಸಬಾರದ ಮಾಲೆ. ಎಲ್ಲರೂ ಹಾ ಎಂದರು. ಅವಳು ಮಾಲೆಯನ್ನು ಅತ್ತೆಯ ಮಡಿಲಿಗೆ ಹಾಕಿ, “ಹನುಮಪ್ಪಾ, ಶಿಕ್ಷಾ ಕೊಡೋದಿದ್ರ ನನಗ ಕೊಡು,” ಎಂದಳು. ಮಗ್ಗುಲಿಗೆ ಹೊರಳಿಸಿದಾಗ ಬಾಯಿಂದ ನೊರೆ ಹರಿಯಿತು, ಹುಡುಗ ಗೊರ್ ಎಂದು ಉಸಿರು ಒಳಗೆಳೆದುಕೊಂಡ.

ಭಜನೆಗೆ ಜನರನ್ನು ತಂದಿದ್ದ ಆಟೋದ ಮದಾರಸಾಬ ಬಾಗಿಲಲ್ಲೇ ನಿಂತಿದ್ದ. “ಅಕ್ಕಾ, ಹೊರಗ ತರ್ರಿ, ಗಾಡಿ ಚಾಲೂ ಐತಿ,” ಎಂದ. ದಾರಿಯಲ್ಲಿ ಹುಡುಗ ಮತ್ತೊಮ್ಮೆ ಸೆಟೆದುಕೊಂಡ. ಎರಡು ಕಂಬಗಳ ನಡುವೆ ಆಟೋ ಹಾಯುವಾಗ ಹುಲಗಮ್ಮ ಕಣ್ಣು ಮುಚ್ಚಿಕೊಂಡಳು.

ಗಂಗಾವತಿಯ ದವಾಖಾನೆಯಲ್ಲಿ ಹುಡುಗ ಉಳಿದ. ಡಾಕ್ಟರು ಸಿಟ್ಟು ಮಾಡಲಿಲ್ಲ, ಅದೇ ಹುಲಗಮ್ಮನಿಗೆ ಹೆಚ್ಚು ಹೆದರಿಕೆ ತಂದಿತು. “ಈ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಹೀಗೇ ಆಗೋದು. ನೋಡಿಕೊಳ್ಳೋರ ಕೈಯಲ್ಲಿ ಸ್ವಲ್ಪ ಸ್ವಲ್ಪ ಇಳಿಸಬೇಕು. ನಾವು ಕೆಲವು ದಿನ ಇಟ್ಟುಕೊಳ್ತೀವಿ, ಆಮೇಲೆ ಕೇಂದ್ರಕ್ಕೆ ಸೇರಿಸಲೇಬೇಕು. ಇನ್ನೊಮ್ಮೆ ಹೀಗಾದರೆ ನಾನು ಮಾತು ಕೊಡಲಾರೆ.”

ಕೇಂದ್ರದಲ್ಲಿ ಹಾಸಿಗೆ ಇಲ್ಲ, ಹಾಸಿಗೆ ಇಲ್ಲದಿದ್ದರೆ ಜೈಲು. ಜೈಲಿನಲ್ಲಿ ಬೆಳಿಗ್ಗೆ ಎದ್ದು ಅವನ ಮೂಗಿನ ಮುಂದೆ ಕೈ ಹಿಡಿಯುವವರು ಯಾರು? ಹುಲಗಮ್ಮ ವರಾಂಡದ ನೆಲದಲ್ಲಿ ಕೂತು ಇದೊಂದನ್ನೇ ಕೇಳಿದಳು. ಕನಕಪ್ಪ ಕಂಬಕ್ಕೊರಗಿ ಕೂತಿದ್ದ, ಎರಡು ದಿನದಲ್ಲಿ ಮುದುಕನಾಗಿದ್ದ.

ಮಾರೆವ್ವ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಹಂಚಿದಳು. “ನಾಳಿ ಸಭಾ ಐತಿ. ನಾ ಹೊಕ್ಕೀನಿ.”

“ಬರ್ತೀನಿ ತಡಿ, ಯವ್ವಾ.”

“ನೀ ಬರಬ್ಯಾಡ. ನಿನ್ನ ಮೊಣಕೈ ನನಗ ಸಾಕಾಗೈತಿ. ಹುಲಗವ್ವ ಬರ್ತಾಳ.”

ಮರುದಿನ ಪಂಚಾಯ್ತಿಯ ಬಾಗಿಲು ಕಿಟಕಿಗಳಲ್ಲಿ ಜನ ತುಂಬಿತ್ತು. ಭಜನೆಯ ಸುದ್ದಿ ಊರ ತುಂಬ ಹರಡಿತ್ತಲ್ಲ. ಅಧ್ಯಕ್ಷ ವಿರುಪಾಕ್ಷಿ ಮುದುಕಿಯ ಹಿಂದೆ ಇಣುಕಿ ನೋಡಿದ.

“ಆಯಿ, ಮೆಂಬರ್ ಎಲ್ಲಿ?”

“ನಿನ್ನ ಮುಂದ ನಿಂತಾಳ ನೋಡಪ್ಪ.”

ನಾಲ್ಕು ಜನ ನಕ್ಕರು. ಮಾರೆವ್ವ ನಗಲಿಲ್ಲ. ಕುರ್ಚಿ ಹಿಡಿದು ನಿಂತು, “ಹೋದ ವರ್ಷ ಆ ಚಟ ಬಿಡಿಸೋ ಕೇಂದ್ರದ ಪಾಲು ಬ್ಯಾಡ ಅಂತ ನಾ ಕೈ ಎತ್ತಿದ್ದೆ. ನನ್ನ ಮೊಮ್ಮಗ ಈಗ ಅಲ್ಲೆ ಒಳಗ ಹೋಗಾಕ ಆಗವಲ್ದು, ಜೇಲಿಗೆ ಹೊಂಟಾನ. ಕಮಾನಿನ ಉಳಿದ ರೊಕ್ಕ ಪಾಲಿಗೆ ಹಾಕ್ರಿ,” ಎಂದಳು.

“ಕಮಾನು ಅರ್ಧಾ ಆಗೈತಲ್ಲ, ಆಯಿ,” ವಿರುಪಾಕ್ಷಿ ತಲೆ ಕೆರೆದುಕೊಂಡ. “ಭಕ್ತರು ಏನಂತಾರ?”

“ಕಂಬದ ನಡುವ ಹಾದು ಹೋಗ್ತಾರ. ನಾವೂ ಹಂಗ ಹೊಂಟೀವಿ, ಹುಡುಗನ್ನ ಎತಗೊಂಡು.”

ಕಿಟಕಿಯಿಂದ ಅನ್ನಮ್ಮನ ದನಿ ಬಂತು. “ನಿಮ್ಮ ಮನಿ ಹುಡುಗ ಕೆಟ್ಟರ ಊರ್ಯಾಕ ರೊಕ್ಕ ಕೊಡಬೇಕು? ನಮ್ಮ ಮನ್ಯಾಗ ಅಂಥವರು ಯಾರೂ ಇಲ್ಲವಾ!”

ಹೌದೌದೆಂದು ಎರಡು ಮೂರು ಬಾಯಿ ಕೂಡಿದವು. ಅತ್ತೆಯ ಸೆರಗು ಹಿಡಿದುಕೊಂಡೇ ಹುಲಗಮ್ಮ ಮಾತಾಡಿದಳು, ದನಿ ಅವಳದೇ ಅಲ್ಲವೆಂಬಂತೆ ಬಂತು. “ನಿಮ್ಮ ಮನ್ಯಾಗ ಇಲ್ಲದಿರ್ಲಿ, ಅಕ್ಕ. ನಾನೂ ಹಂಗ ಅಂದ್ಕೊಂಡು ಕುಂತಿದ್ದೆ. ಮೊನ್ನಿ ನೀವೆಲ್ಲಾ ಕಾಯಿ ಒಡಿಯೂ ಮುಂದ ನನ್ನ ಮಗ ಸಾಯಾಕತ್ತಿದ್ದ. ಅದನ್ನ ಅಷ್ಟ ನೆನಸ್ರಿ.”

ಮಾರೆವ್ವ ಕೈ ಎತ್ತಿದಳು, ಈ ಸಲ ಯಾರೂ ತಿವಿದಿರಲಿಲ್ಲ. ಎತ್ತಿದ ಕೈಯನ್ನು ಇಳಿಸದೆ ನಿಂತಳು. ಮೊದಲು ಮೂಲೆಯ ಹೆಣ್ಣು ಮೆಂಬರ್ ಒಬ್ಬಳು ಗಂಡನ ಕಡೆ ನೋಡದೆ ಕೈ ಎತ್ತಿದಳು. ಆಮೇಲೆ ಇನ್ನಿಬ್ಬರು. ಬಹಳ ಹೊತ್ತಿನ ಚೌಕಾಸಿಯ ಮೇಲೆ ಅರ್ಧ ಕಮಾನಿಗೆ, ಅರ್ಧ ಪಾಲಿಗೆ ಎಂದು ಠರಾವಾಯಿತು. ಆ ಅರ್ಧಕ್ಕೆ ಕೇಂದ್ರದವರು ಕರಿಬಂಡಿಗೆ ಕೊಟ್ಟದ್ದು ಒಂದು ಹಾಸಿಗೆ. ಒಬ್ಬ ಎದ್ದ ಮೇಲೆಯೇ ಇನ್ನೊಬ್ಬ.

ತಾರೀಖಿನ ದಿನ ಜಡ್ಜ್ ಮೇಡಂ ಕಾಗದ ಓದಿ ಹನಮೇಶನನ್ನೇ ಕೇಳಿದರು, “ನೀನಾಗೇ ಹೋಗ್ತೀಯೇನಪ್ಪ?” ಹುಡುಗ ತಿರುಗಿ ಅವ್ವನ ಕಡೆ ನೋಡಿದ. ಹುಲಗಮ್ಮ ಬೆಂಚಿನ ಅಂಚನ್ನು ಬಿಗಿಹಿಡಿದಳು.

“ಹೋಗ್ತೀನ್ರಿ,” ಎಂದ ಕೊನೆಗೆ. “ಭಾಳ ಹೆದರಿಕಿ ಆಗೈತ್ರಿ. ಆದ್ರೂ ಹೋಗ್ತೀನಿ.”

ಆ ಮಧ್ಯಾಹ್ನವೇ ಅವನನ್ನು ಕೇಂದ್ರದಲ್ಲಿ ಬಿಟ್ಟು ಬಂದರು. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಡುವಾಗ ಕನಕಪ್ಪ ತನ್ನ ಶಾಲು ತೆಗೆದು ಹಾಸಿಗೆಯ ಮೇಲಿಟ್ಟ, “ಚಳಿ ಐತಿ,” ಎಂದಷ್ಟೇ ಹೇಳಿದ.

ಮಾರನೇ ದಿನ ಬೆಳಕು ಹರಿಯುವಾಗ ಹುಲಗಮ್ಮ ರೂಢಿಯಂತೆ ಎದ್ದು ಪಡಸಾಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಬರೀ ನೆಲದ ಮೇಲೆ ಕೈ ಚಾಚಿದ ಮೇಲೆ ನೆನಪಾಯಿತು. ಅಲ್ಲಿ ಯಾರೋ ನೋಡಿಕೊಳ್ಳುತ್ತಿರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಒಲೆಯ ಕಡೆ ತಿರುಗಿದಳು. ಆಗ ಬಾಗಿಲು ಮೆಲ್ಲಗೆ ಬಡಿಯಿತು.

ಅನ್ನಮ್ಮ ನಿಂತಿದ್ದಳು, ತಲೆಗೂದಲು ಕೆದರಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಓಣಿಯ ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದಳು. “ಹುಲಗವ್ವಾ, ನಮ್ಮ ಹುಲಿಗೇಶ ಏಳವಲ್ಲ. ಆಗಿಂದ ಎಬ್ಬಸಾಕತ್ತೀನಿ. ದಿಂಬಿನ ಕೆಳಗ ಗುಳಗಿ ಹಾಳಿ ಸಿಕ್ಕಾವ. ನೀ ಒಮ್ಮೆ ಬಂದು ಕೈ ಹಿಡದು ನೋಡಬೇ. ನನಗ ಧೈರ್ಯ ಆಗವಲ್ದು.”

ಹುಲಗಮ್ಮ ಓಡಿದಳು. ಹುಲಿಗೇಶ ಗೋಡೆಗೆ ಮುಖ ಮಾಡಿ ಮಲಗಿದ್ದ, ತನ್ನ ಮಗ ಮಲಗುತ್ತಿದ್ದ ಹಾಗೆಯೇ. ಅವಳು ಕೂತು ಅವನ ಮೂಗಿನ ಮುಂದೆ ಅಂಗೈ ಹಿಡಿದಳು. ಬಹಳ ಹೊತ್ತಿನ ಮೇಲೆ ತೆಳ್ಳಗೆ ಬೆಚ್ಚಗೆ ಒಂದಿಷ್ಟು ತಾಗಿತು.

“ಐತಿ. ಉಸುರು ಐತಿ. ಓಡು, ಮದಾರಸಾಬನ್ನ ಎಬ್ಬಿಸು.”

ಅನ್ನಮ್ಮ ಓಡಲಿಲ್ಲ. ಹುಲಗಮ್ಮನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅಲ್ಲಿ ಆ ಕೇಂದ್ರದಾಗ ಇನ್ನೊಂದು ಹಾಸಿಗಿ ಐತೇನು, ಹುಲಗವ್ವಾ?”

ಊರ ಪಾಲಿನ ಆ ಒಂದು ಹಾಸಿಗೆಯಲ್ಲಿ ಕನಕಪ್ಪನ ಶಾಲು ಹೊದ್ದು ಹನಮೇಶ ಮಲಗಿದ್ದ. ಹುಲಿಗೇಶನ ಮೂಗಿನ ಮುಂದಿನ ಕೈಯನ್ನು ತೆಗೆಯಲೂ ಹುಲಗಮ್ಮನಿಗೆ ಹೆದರಿಕೆಯಾಯಿತು.

“ಮದ್ಲ ಆಟೋ ಕರಿ,” ಎಂದಳು ಕಡೆಗೆ. “ಆಮ್ಯಾಲ ನಮ್ಮ ಅತ್ತೀನ್ನ ಎಬ್ಬಿಸು. ಮತ್ತೊಮ್ಮೆ ಕೈ ಎತ್ತಬೇಕು ಅಂತ ಹೇಳು.”